ಪೀಣ್ಯದ ಸಿಎನ್‌ಸಿ ಶಾಪ್‌ನಲ್ಲಿ 5 ವಾರ: ಒಂದೇ ಬೋರ್‌ನ ಬೆನ್ನು ಹತ್ತಿ

ಮೆಕ್ಯಾನಿಕಲ್ ಓದುವವರು ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಹೋದರೆ ಸಾಮಾನ್ಯವಾಗಿ ಆಗುವುದಿಷ್ಟು: ಮೊದಲ ದಿನ ಶಾಪ್ ಸುತ್ತಿಸುತ್ತಾರೆ, ಮರುದಿನದಿಂದ ಯಾವುದಾದರೂ ಮಷೀನ್ ಪಕ್ಕ ನಿಲ್ಲಿಸುತ್ತಾರೆ, ಕೊನೆಯ ವಾರ ಕಂಪನಿ ಪ್ರೊಫೈಲ್ ಇಳಿಸಿಕೊಂಡು ರಿಪೋರ್ಟ್ ಬೈಂಡ್ ಮಾಡಿಸುವುದು. ಆರನೇ ಸೆಮಿಸ್ಟರ್ ಮುಗಿದ ಮೇಲೆ ನಾನು ಹೋಗಿದ್ದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಜಾಬ್ ಶಾಪ್‌ಗೆ, ಅಂದರೆ ಬೇರೆಯವರ ಪಾರ್ಟ್‌ಗಳನ್ನು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನ್‌ನಲ್ಲಿ ಮಾಡಿಕೊಡುವ ಜಾಗಕ್ಕೆ. ಎಲ್ಲ ಮಷೀನನ್ನೂ ಕಲಿಯುತ್ತೇನೆಂದು ಓಡಾಡದೆ ಒಂದೇ ಪಾರ್ಟ್, ಅದರ ಒಂದೇ ಅಳತೆ (ಬೋರ್, ಅಂದರೆ ಒಳಗಿನ ರಂಧ್ರದ ವ್ಯಾಸ) ಹಿಡಿದುಕೊಂಡೆ. ಹೇಗೆ ಮಾಡಿದೆ, ಎಲ್ಲಿ ಎಡವುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಜಾಗ ಸಿಗುವ ವಿಷಯ ಬೇಗ ಮುಗಿಸಿಬಿಡೋಣ. ಸಣ್ಣ ಶಾಪ್‌ಗಳಿಗೆ ಮೇಲ್ ಹಾಕಿ ಕಾಯಬೇಡಿ, ನೇರವಾಗಿ ಹೋಗಿ. ಹೋಗುವಾಗ ಕಾಲೇಜಿನ ಪತ್ರ ಕೈಯಲ್ಲಿರಲಿ. ಅದರಲ್ಲಿ ಶುರುವಾಗುವ ಮತ್ತು ಮುಗಿಯುವ ತಾರೀಖು, ನಿಮ್ಮ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಗೈಡ್ ಹೆಸರು ಇರಬೇಕು. ಅಪಘಾತ ವಿಮೆ ಇದೆಯೇ ಎಂದು ಕೆಲವರು ಕೇಳುತ್ತಾರೆ, ಇದ್ದರೆ ಅದರ ಪ್ರತಿಯನ್ನೂ ಇಟ್ಟುಕೊಳ್ಳಿ. ಸೇಫ್ಟಿ ಶೂ ನಿಮ್ಮದೇ ಇರಲಿ. ತುಂಬು ತೋಳಿನ ಶರ್ಟ್, ಐಡಿ ಕಾರ್ಡಿನ ದಾರ, ಕೈಗೆ ಕಟ್ಟಿದ ದಾರ, ಉಂಗುರ ಇವೆಲ್ಲ ಮನೆಯಲ್ಲೇ. ತಿರುಗುವ ಚಕ್ (ಪೀಸನ್ನು ಹಿಡಿದು ತಿರುಗಿಸುವ ಭಾಗ) ಹತ್ತಿರ ಗ್ಲೌಸ್ ಹಾಕಲೇಬಾರದು. ಚಿಪ್ಸ್ (ಕೊರೆದಾಗ ಬರುವ ಲೋಹದ ಚೂರು) ಎಳೆಯಲು ಕೊಕ್ಕೆ ಇರುತ್ತದೆ, ಕೈ ಹಾಕಬೇಡಿ. ಉದ್ದ ಸುರುಳಿಯ ಚಿಪ್ಸ್ ಬ್ಲೇಡಿಗಿಂತ ಚೂಪು.

ಮೊದಲ ವಾರ ಪೂರ್ತಿ ಅಳೆಯುವುದಕ್ಕೇ ಇಟ್ಟೆ. ಕಾಲೇಜ್ ಲ್ಯಾಬ್‌ನಲ್ಲಿ ವರ್ನಿಯರ್‌ನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಎಂದು ಬರೆದು ಅಂಕ ತೆಗೆದುಕೊಂಡಿರುತ್ತೇವೆ. ಆದರೆ ಒಂದೇ ಪೀಸನ್ನು ಹತ್ತು ಸಲ ಅಳೆದು ಹತ್ತೂ ಸಲ ಒಂದೇ ಅಂಕೆ ಬರುತ್ತದೆಯೇ ಎಂದು ನೋಡಿರುವುದಿಲ್ಲ. ತಿರಸ್ಕೃತ ಪೀಸ್‌ಗಳ ಡಬ್ಬಿಯಿಂದ ಒಂದನ್ನು ಕೇಳಿ ಪಡೆದು, ಮೈಕ್ರೋಮೀಟರ್‌ನಲ್ಲಿ ಒಂದೇ ಜಾಗವನ್ನು ದಿನಕ್ಕೆ 20 ಸಲ ಅಳೆದು ಬರೆದೆ. ಶುರುವಿನಲ್ಲಿ ಅಂಕೆಗಳು 0.02 ಮಿ.ಮೀ. ಚೆದುರುತ್ತಿದ್ದವು. ತಪ್ಪು ಉಪಕರಣದ್ದಲ್ಲ: ಥಿಂಬಲ್ (ಮೈಕ್ರೋಮೀಟರ್‌ನ ತಿರುಗುವ ಹಿಡಿ) ಹಿಡಿದು ತಿರುಗಿಸುತ್ತಿದ್ದೆ, ರ‍್ಯಾಚೆಟ್ (ಒತ್ತಡವನ್ನು ಒಂದೇ ಸಮ ಇಡುವ ತುದಿಯ ಗುಂಡಿ) ಬಳಸುತ್ತಿರಲಿಲ್ಲ. ಆನ್ವಿಲ್ (ಪೀಸಿಗೆ ತಾಗುವ ಮುಖ) ಒರೆಸದಿದ್ದರೆ ಎಣ್ಣೆಯ ಪದರ, ಧೂಳು ಎಲ್ಲ ಅಳತೆಗೆ ಸೇರುತ್ತದೆ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಕಲಿತು ಬಂದ ಹುಡುಗರು ಮೈಕ್ರೋಮೀಟರ್ ಹಿಡಿಯುವುದನ್ನು ನೋಡಿ ಕಲಿಯಿರಿ. ಆ ವಿಷಯದಲ್ಲಿ ನಾವು ಬಿ.ಇ.ಯವರು ಅವರಿಗಿಂತ ಬಹಳ ಹಿಂದೆ.

ನಾನು ಹಿಡಿದುಕೊಂಡ ಪಾರ್ಟ್ ಒಂದು ಬುಷ್, ಅಂದರೆ ಗಿಡ್ಡ ಕೊಳವೆಯಂಥ ಪಾರ್ಟ್. ಇಎನ್8 ಸ್ಟೀಲ್, ಹೊರ ವ್ಯಾಸ 32 ಮಿ.ಮೀ., ಉದ್ದ 40, ಒಳಗೆ 25 ಎಚ್7 ಬೋರ್. ಎಚ್7 ಅಂದರೆ ಬೋರ್ ಇರಬಹುದಾದ ಮಿತಿ, ಈ ಗಾತ್ರಕ್ಕೆ 25.000ದಿಂದ 25.021ರ ತನಕ, ಒಟ್ಟು 21 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು 1 ಮೈಕ್ರಾನ್). ಗೋಡೆಯ ದಪ್ಪ 3.5 ಮಿ.ಮೀ. ಅಷ್ಟೇ, ಇದು ನೆನಪಿರಲಿ. ಫಿನಿಶ್ ಬೋರಿಂಗ್‌ಗೆ (ಬೋರ್‌ನ ಕೊನೆಯ ಕೊರೆತ) 16 ಮಿ.ಮೀ. ಬಾರ್, ಅದರ ತುದಿಗೆ ಕತ್ತರಿಸುವ ತುಂಡಾಗಿ ಸಿಸಿಎಂಟಿ 09ಟಿ304 ಇನ್ಸರ್ಟ್, ಫೀಡ್ (ಒಂದು ಸುತ್ತು ತಿರುಗುವಾಗ ಟೂಲ್ ಮುಂದೆ ಸರಿಯುವುದು) 0.1 ಮಿ.ಮೀ. ಸ್ಟೀಲ್ ಬಾರನ್ನು ಅದರ ವ್ಯಾಸದ 4 ಪಟ್ಟಿಗಿಂತ ಹೆಚ್ಚು ಹೊರಗೆ ಚಾಚಬಾರದು, ಚಾಚಿದರೆ ಬಾರ್ ನಡುಗಿ ಬೋರ್ ಒಳಗೆ ಗೆರೆಗೆರೆ ಬೀಳುತ್ತದೆ. ಇಲ್ಲಿ 50 ಮಿ.ಮೀ. ಚಾಚಿದ್ದರಿಂದ ಆ ತೊಂದರೆ ಇರಲಿಲ್ಲ.

ಅಳೆಯಲು ಬೋರ್ ಡಯಲ್ ಗೇಜ್. 25.000 ರಿಂಗ್ ಗೇಜ್‌ನಲ್ಲಿ (ಒಳ ವ್ಯಾಸ ನಿಖರವಾಗಿ ಗೊತ್ತಿರುವ ಉಂಗುರ) ಸೊನ್ನೆ ಮಾಡಿ, ಬೋರ್ ಒಳಗಿಟ್ಟು ತೊಟ್ಟಿಲು ತೂಗಿದ ಹಾಗೆ ಆಡಿಸಬೇಕು. ಮುಳ್ಳು ಒಂದು ಕಡೆ ಹೋಗಿ, ಒಂದು ಜಾಗದಲ್ಲಿ ನಿಂತು, ಹಿಂದಿರುಗುತ್ತದೆ. ಆ ಹಿಂದಿರುಗುವ ಜಾಗವೇ ನಿಜವಾದ ಅಳತೆ. ಹೊಸಬರು ಎಲ್ಲರೂ ತಪ್ಪುವುದು ಇಲ್ಲಿ: ಮುಳ್ಳು ಗಡಿಯಾರದ ದಿಕ್ಕಿಗೆ ಸೊನ್ನೆ ದಾಟಿದರೆ ಬೋರ್ ದೊಡ್ಡದು ಅಂದುಕೊಳ್ಳುತ್ತೇವೆ. ಅದು ಉಲ್ಟಾ. ಬೋರ್ ಚಿಕ್ಕದಿದ್ದರೆ ತುದಿ ಒಳಗೆ ಒತ್ತಿಕೊಳ್ಳುತ್ತದೆ, ಆಗಲೇ ಮುಳ್ಳು ಗಡಿಯಾರದ ದಿಕ್ಕಿಗೆ ಹೋಗುವುದು. ಇನ್ನೊಂದು, ರಿಂಗ್ ಗೇಜನ್ನು ಎಸಿ ರೂಮಿನಿಂದ ತಂದ ತಕ್ಷಣ ಬಳಸಬೇಡಿ. ಮಷೀನ್ ಪಕ್ಕ ಅರ್ಧ ಗಂಟೆ ಇಡಿ. ಸ್ಟೀಲ್ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ.ಗೆ 10 ಡಿಗ್ರಿ ವ್ಯತ್ಯಾಸವಿದ್ದರೆ 3 ಮೈಕ್ರಾನ್, ಅಂದರೆ ಇರುವ 21ರಲ್ಲಿ ಏಳನೇ ಒಂದು ಪಾಲು ಅಲ್ಲಿಗೇ ಹೋಯಿತು.

ಎರಡನೇ ವಾರದಿಂದ ಪ್ರತಿ 10ನೇ ಪೀಸ್ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟೆ. ಅಡ್ಡಕ್ಕೆ ಪೀಸ್ ನಂಬರ್, ಮೇಲಕ್ಕೆ ಮೈಕ್ರಾನ್. ಪಕ್ಕದ ಕಾಲಂನಲ್ಲಿ ಸಮಯ, ಇನ್ಸರ್ಟ್ ಬದಲಾಯಿಸಿದ್ದು, ಆಫ್‌ಸೆಟ್ (ಟೂಲಿನ ಸ್ಥಾನಕ್ಕೆ ಮಷೀನಿನಲ್ಲಿ ಹಾಕುವ ತಿದ್ದುಪಡಿ) ಕೊಟ್ಟಿದ್ದು, ಟೀ ಬ್ರೇಕ್. ಟೀ ಬ್ರೇಕ್ ಯಾಕೆ ಅನ್ನಬೇಡಿ. ಮಷೀನ್ ಕಾಲು ಗಂಟೆ ನಿಂತು ತಣ್ಣಗಾದರೆ ಮುಂದಿನ ಎರಡು ಮೂರು ಪೀಸ್‌ನ ಚುಕ್ಕಿಗಳು ಸಾಲು ತಪ್ಪುತ್ತವೆ, ಕಾರಣ ಬರೆದಿರದಿದ್ದರೆ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬೋರಿಂಗ್‌ನಲ್ಲಿ ಇನ್ಸರ್ಟ್ ಸವೆದಂತೆ ಬೋರ್ ಚಿಕ್ಕದಾಗುತ್ತದೆ. ಹಾಗಾಗಿ ಆಪರೇಟರ್ 25.014ಕ್ಕೆ ಸೆಟ್ ಮಾಡಿ, ಇಳಿಯಲು ಬಿಟ್ಟು, 25.006 ಹತ್ತಿರ ಬಂದಾಗ ವೇರ್ ಆಫ್‌ಸೆಟ್‌ನಲ್ಲಿ ಎಕ್ಸ್‌ಗೆ (ವ್ಯಾಸದ ದಿಕ್ಕು) 0.008 ಕೂಡಿಸುತ್ತಿದ್ದರು. ಸರಿಯಾಗಿ ಮಧ್ಯದ 25.010ಕ್ಕೆ ಸೆಟ್ ಮಾಡಿದರೆ ಆಫ್‌ಸೆಟ್ ಅಷ್ಟು ಬೇಗ ಮತ್ತೆ ಮುಟ್ಟಬೇಕು.

ಮಷೀನ್ ನಡೆಸುವ ಫ್ಯಾನುಕ್ ಕಂಟ್ರೋಲ್‌ನಲ್ಲಿ ಇಲ್ಲೊಂದು ಬಲೆ ಇದೆ. 0.008 ಟೈಪ್ ಮಾಡಿ ‘ಪ್ಲಸ್ ಇನ್‌ಪುಟ್’ ಒತ್ತಿದರೆ ಹಳೆಯ ಅಂಕೆಗೆ ಕೂಡುತ್ತದೆ. ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯದನ್ನು ಅಳಿಸಿ 0.008 ಕೂರುತ್ತದೆ. ಮೊದಲೇ 0.030 ಇದ್ದರೆ ಮುಂದಿನ ಪೀಸ್ 22 ಮೈಕ್ರಾನ್ ಚಿಕ್ಕದಾಗಿ ಬಂತೆಂದೇ ಲೆಕ್ಕ. ದಶಮಾಂಶ ಚುಕ್ಕಿ ಬಿಟ್ಟು ಅಂಕೆ ಹಾಕಿದರೆ ಏನಾಗುತ್ತದೆ ಎಂಬುದು ಆ ಮಷೀನಿನ ಪ್ಯಾರಾಮೀಟರ್ ಮೇಲೆ ನಿಂತಿದೆ, ಆದ್ದರಿಂದ ಚುಕ್ಕಿ ಬಿಡಲೇಬೇಡಿ. ಇಂಟರ್ನ್ ಆಗಿ ಆಫ್‌ಸೆಟ್ ಅನ್ನು ನೀವಾಗಿಯೇ ಮುಟ್ಟುವ ಹಾಗಿಲ್ಲ. “ಅಣ್ಣ, ಎಂಟು ಮೈಕ್ರಾನ್ ಪ್ಲಸ್ ಕೊಡ್ಬೇಕು ಅನ್ಸುತ್ತೆ, ನೋಡ್ತೀರಾ?” ಎಂದು ಕೇಳಿದರೆ ಸಾಕು. ನಾಲ್ಕು ಸಲ ನಿಮ್ಮ ಲೆಕ್ಕ ಸರಿಹೋದರೆ ಐದನೇ ಸಲ ಅವರೇ “ನೀನೇ ಹಾಕು, ನಾನ್ ನೋಡ್ತೀನಿ” ಅನ್ನುತ್ತಾರೆ.

ನಿಜವಾದ ಕಲಿಕೆ ಸಿಕ್ಕಿದ್ದು ಮೂರನೇ ವಾರ. ಡಯಲ್ ಗೇಜ್ 25.009 ತೋರಿಸುತ್ತಿದೆ, ಯಾವ ದಿಕ್ಕಿಗೆ ತಿರುಗಿಸಿ ನೋಡಿದರೂ 25.009. ಆದರೆ 25.000ರ ಗೋ ಪ್ಲಗ್ (ಸರಿಯಿರುವ ಬೋರ್‌ಗೆ ಇಳಿಯಲೇಬೇಕಾದ ದುಂಡು ಗೇಜ್) ಬೋರ್ ಒಳಗೆ ಇಳಿಯುತ್ತಿಲ್ಲ. ಬರ್ (ಅಂಚಿನಲ್ಲಿ ಉಳಿದ ಲೋಹದ ಚೂಪು) ಇರಬಹುದೆಂದು ತೆಗೆದೆವು, ಒರೆಸಿದೆವು, ತಣ್ಣಗಾಗಲು ಬಿಟ್ಟೆವು. ಆಗಲೂ ಇಳಿಯಲಿಲ್ಲ. ಅದೇ ಪೀಸನ್ನು ಮೂರು ಪಾಯಿಂಟ್‌ನ ಇಂಟರ್ನಲ್ ಮೈಕ್ರೋಮೀಟರ್‌ನಲ್ಲಿ ನೋಡಿದಾಗ ಒಂದು ಸ್ಥಾನದಲ್ಲಿ 25.019, ಅಲ್ಲಿಂದ 60 ಡಿಗ್ರಿ ತಿರುಗಿಸಿದರೆ 24.999.

ಕಾರಣ ಚಕ್. ಚಕ್‌ನ ಮೂರು ಜಾ (ಹಿಡಿಯುವ ದವಡೆಗಳು) ತೆಳು ಗೋಡೆಯನ್ನು ಮೂರು ಕಡೆ ಒತ್ತಿ ಹಿಡಿದಿವೆ. ಒತ್ತಿದ ಸ್ಥಿತಿಯಲ್ಲೇ ಟೂಲ್ ಬೋರನ್ನು ದುಂಡಗೆ ಕೊರೆಯುತ್ತದೆ. ಜಾ ಬಿಟ್ಟ ಕೂಡಲೇ ಒತ್ತಿದ್ದ ಮೂರು ಜಾಗ ಹೊರಗೆ ಚಿಮ್ಮುತ್ತವೆ, ನಡುವಿನ ಮೂರು ಜಾಗ ಒಳಗೆ ಬರುತ್ತವೆ, ಬೋರ್ ಮೂರು ಮೂಲೆಯಾಗುತ್ತದೆ. ಈಗ ಎರಡು ಪಾಯಿಂಟ್‌ನ ಡಯಲ್ ಗೇಜ್ ಇಟ್ಟರೆ ಒಂದು ತುದಿ ಉಬ್ಬಿನ ಮೇಲೆ, ಎದುರು ತುದಿ ತಗ್ಗಿನಲ್ಲಿ. ಒಂದರ ಹೆಚ್ಚು ಇನ್ನೊಂದರ ಕಡಿಮೆಗೆ ವಜಾ ಆಗಿ ಎಲ್ಲ ಕಡೆಯೂ ಒಂದೇ ವ್ಯಾಸ ತೋರಿಸುತ್ತದೆ. ಪ್ಲಗ್‌ಗೆ ಹಾಗಲ್ಲ, ಅದು ಮೂರೂ ಉಬ್ಬುಗಳಿಗೆ ಒಟ್ಟಿಗೆ ತಗುಲುತ್ತದೆ. ಇನ್ಸರ್ಟ್ ಹೊಸದಿದ್ದು ಬೋರ್ 25.014 ಇದ್ದಾಗ ಈ ದೋಷ ಕಾಣುವುದಿಲ್ಲ, ಸವೆದು 25.009ಕ್ಕೆ ಇಳಿದ ಮೇಲೆ ಕಾಣುತ್ತದೆ. ಗ್ರಾಫ್ ಇಟ್ಟಿದ್ದರಿಂದ, ಪ್ಲಗ್ ಸಿಕ್ಕಿಕೊಂಡ ಪೀಸ್‌ಗಳೆಲ್ಲ ಇಳಿಜಾರಿನ ಕೊನೆಯವು ಎಂಬುದು ಒಂದೇ ನೋಟಕ್ಕೆ ತಿಳಿಯಿತು.

ಪರಿಹಾರವಾಗಿ ಕೆಲಸವನ್ನು ಎರಡು ಸೆಟ್ಟಿಂಗ್ ಮಾಡಲಾಯಿತು. ಮೊದಲನೆಯದರಲ್ಲಿ 16 ಕೆಜಿ (ಚದರ ಸೆಂ.ಮೀ.ಗೆ) ಪ್ರೆಶರ್‌ನಲ್ಲಿ ಹಿಡಿದು, ಬೋರ್‌ನಲ್ಲಿ ವ್ಯಾಸಕ್ಕೆ 0.4 ಮಿ.ಮೀ. ಉಳಿಸಿ ರಫ್. ಎರಡನೆಯದರಲ್ಲಿ ಸಾಫ್ಟ್ ಜಾ (ಪೀಸಿನ ಅಳತೆಗೆ ಕೊರೆದುಕೊಳ್ಳಬಹುದಾದ ಮೆದು ಲೋಹದ ಜಾ) ಹಾಕಿ 8 ಕೆಜಿಯಲ್ಲಿ ಫಿನಿಶ್. ಸಾಫ್ಟ್ ಜಾಗಳನ್ನು ಸರಿಯಾಗಿ 32ಕ್ಕೆ ಬೋರ್ ಮಾಡಬೇಕು, ಅದೂ ಹಿಂದೆ ಒಂದು ರಿಂಗ್ ಕಚ್ಚಿಸಿ, ಕೆಲಸಕ್ಕೆ ಬಳಸುವ ಅದೇ 8 ಕೆಜಿ ಪ್ರೆಶರ್‌ನಲ್ಲಿ. ಬೇರೆ ಪ್ರೆಶರ್‌ನಲ್ಲಿ ಕೊರೆದರೆ ಜಾ ಬೇರೆ ರೀತಿ ಬಾಗಿ ಶ್ರಮ ದಂಡ. ಪ್ರೆಶರ್ ಇಳಿಸಿದಾಗ ವೇಗವೂ ಇಳಿಯಬೇಕು: ಚಕ್ ತಿರುಗುವಾಗ ಜಾ ಹೊರಕ್ಕೆ ಎಳೆಯಲ್ಪಟ್ಟು ಹಿಡಿತ ಸಡಿಲವಾಗುತ್ತದೆ. ಪ್ರೋಗ್ರಾಂನಲ್ಲಿ ಜಿ50 ಎಸ್1500 (ನಿಮಿಷಕ್ಕೆ 1500 ಸುತ್ತು ಮೀರದಂತೆ) ಮಿತಿ ಹಾಕಿಸಿದರು. ಈ ನಿರ್ಧಾರ ಸೂಪರ್‌ವೈಸರ್‌ದು, ಇಂಟರ್ನ್ ಎಷ್ಟೇ ಬುದ್ಧಿವಂತನಾದರೂ ಚಕ್ ಪ್ರೆಶರ್ ನಾಬ್‌ಗೆ ಕೈ ಹಾಕಬಾರದು. ಆಮೇಲೆ ಮೂರು ಪಾಯಿಂಟ್ ಅಳತೆ 25.012 ಮತ್ತು 25.006. ವ್ಯತ್ಯಾಸ 20ರಿಂದ 6 ಮೈಕ್ರಾನ್‌ಗೆ ಇಳಿಯಿತು. ಪ್ರತಿ ಪೀಸಿಗೆ ಎರಡನೇ ಸಲ ಲೋಡ್ ಮಾಡುವ ಅರ್ಧ ನಿಮಿಷ ಹೆಚ್ಚಾಯಿತು, ಅದಕ್ಕೆ ಓನರ್ ಮುಖ ಸಿಂಡರಿಸಿದ್ದೂ ಹೌದು.

ರಿಪೋರ್ಟ್‌ಗೆ ಕಂಪನಿ ಪ್ರೊಫೈಲ್ ಒಂದು ಪುಟ ಸಾಕು. ಉಳಿದದ್ದು ಗ್ರಾಫ್, ಎರಡು ಬಗೆಯ ಗೇಜ್‌ಗಳ ಅಳತೆ ಪಕ್ಕಪಕ್ಕದಲ್ಲಿ, ಚಕ್ ಹಿಡಿತದ ಕೈಚಿತ್ರ. ಡ್ರಾಯಿಂಗ್ ಗಿರಾಕಿಯದು, ಫೋಟೋ ತೆಗೆಯಬೇಡಿ. ಕೇಳಿ, ಬೇಕಾದ ಎರಡು ಮೂರು ಅಳತೆಗಳನ್ನಷ್ಟೇ ಹಾಕಿ ಸ್ಕೆಚ್ ಬರೆಯಿರಿ, ಪಾರ್ಟ್ ನಂಬರ್ ಮತ್ತು ಗಿರಾಕಿಯ ಹೆಸರು ಬಿಡಿ. ಸರ್ಟಿಫಿಕೇಟ್‌ಗೆ ಸೀಲ್ ಬೀಳುವ ಮೊದಲು ತಾರೀಖುಗಳು ಕಾಲೇಜಿನ ಪತ್ರಕ್ಕೆ ತಾಳೆಯಾಗುತ್ತವೆಯೇ, ಯುಎಸ್‌ಎನ್ ಸರಿಯಿದೆಯೇ ನೋಡಿ. ಆಮೇಲೆ ತಿದ್ದಿಸಲು ಮತ್ತೆ ಅಲ್ಲಿಯವರೆಗೆ ಹೋಗಬೇಕು, ಸಹಿ ಹಾಕುವವರು ಆ ದಿನ ಸಿಗುವುದಿಲ್ಲ.