ಕೌಬಾಯ್ ಬೂಟು ಕೊಳ್ಳುವ ಮುಂಚೆ ಪಾದದ ಉಬ್ಬು ನೋಡಿಕೊಳ್ಳಿ

ಫೆಬ್ರವರಿ ಬಂತೆಂದರೆ ಹ್ಯೂಸ್ಟನ್ನಿನಲ್ಲಿ ಬೂಟಿನ ಸೀಸನ್. ರೋಡಿಯೊ, ಅಂದರೆ ಕುದುರೆ, ಗೂಳಿ ಸವಾರಿಯ ಜಾತ್ರೆ, ಶುರುವಾಗುವ ಮುಂಚಿನ ಒಂದು ಶುಕ್ರವಾರ ‘ಗೋ ಟೆಕ್ಸನ್ ಡೇ’. ಅವತ್ತು ಶಾಲೆ ಮಕ್ಕಳಿಂದ ಹಿಡಿದು ಬ್ಯಾಂಕಿನವರ ತನಕ ಕೌಬಾಯ್ ವೇಷ. ನಮ್ಮ ಕನ್ನಡದವರೂ ಹಿಂದೆ ಬೀಳುವುದಿಲ್ಲ. ಹಿಂದಿನ ವಾರ ಅಂಗಡಿಗೆ ನುಗ್ಗಿ, ಬಣ್ಣ ನೋಡಿ, ಹೊಲಿಗೆಯ ಚಿತ್ತಾರ ನೋಡಿ, ಡಿಸ್ಕೌಂಟ್ ನೋಡಿ, ಕೊನೆಗೆ ಸೈಜ್ ನೋಡುತ್ತಾರೆ. ಶನಿವಾರ ಬೆಳಿಗ್ಗೆ ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡು ಹವಾಯಿ ಚಪ್ಪಲಿಯಲ್ಲಿ ಓಡಾಡುತ್ತಾರೆ.

ಮೂರು ವರ್ಷದ ಹಿಂದೆ ಹಾಸನದಿಂದ ಬಂದಿದ್ದ ನಮ್ಮ ಭಾವನದ್ದೂ ಇದೇ ಕತೆ. ಅಂಗಡಿಯಲ್ಲಿ ‘ಅಳತೆ ತೆಗೆಸೋಣ ಭಾವ’ ಅಂದೆ. ‘ಇಪ್ಪತ್ತು ವರ್ಷದಿಂದ ಎಂಟೇ ಹಾಕ್ತಿರೋದು ಕಣಯ್ಯ, ನನ್ನ ಕಾಲು ನನಗೆ ಗೊತ್ತಿಲ್ವಾ?’ ಅಂದರು. ಎಂಟನೇ ನಂಬರಿನ ಜೊತೆಯೊಂದು ತೆಗೆದುಕೊಂಡರು. ಸೇಲ್‌ನ ಮಾಲು, ವಾಪಸ್ ಇಲ್ಲ. ಮನೆಗೆ ಬಂದು ಹಾಕಿಕೊಂಡರು. ಹಾಕಿದ್ದು ಬಿಚ್ಚಲು ಬರಲಿಲ್ಲ. ಅವರು ಸೋಫಾ ಹಿಡಿದುಕೊಂಡರು, ನಾನು ಬೂಟು ಹಿಡಿದುಕೊಂಡೆ, ಅಕ್ಕ ನನ್ನ ಸೊಂಟ ಹಿಡಿದುಕೊಂಡಳು. ಬೂಟಿನ ಜೊತೆ ನಾವಿಬ್ಬರೂ ಟಿ.ವಿ. ಸ್ಟ್ಯಾಂಡಿಗೆ ಹೋಗಿ ಬಡಿದೆವು. ಭಾವನ ಕಾಲ್ಚೀಲ ಮಾತ್ರ ಬೂಟಿನೊಳಗೇ ಉಳಿದಿತ್ತು.

ಅವತ್ತಿನಿಂದ ಪರಿಚಯದವರು ಯಾರು ಬೂಟು ಕೊಳ್ಳಲು ಹೊರಟರೂ ನಾನು ಜೊತೆಗೆ ಹೋಗುತ್ತೇನೆ. ಹೋಗಲಾಗದವರಿಗೆ ಈ ಲೇಖನ.

1. ಊರಿನ ನಂಬರ್ ಮರೆತುಬಿಡಿ

ಭಾರತದ ಅಂಗಡಿಗಳಲ್ಲಿ ಬಹುತೇಕ ಬ್ರಿಟಿಷ್ ನಂಬರ್ ನಡೆಯುತ್ತದೆ. ಅಮೆರಿಕದ್ದು ಬೇರೆ. ಊರಿನ ಗಂಡಸರ 8 ಅಂದರೆ ಇಲ್ಲಿ ಹೆಚ್ಚುಕಡಿಮೆ 9. ಹೆಂಗಸರ ನಂಬರಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ, ಸುಮಾರು ಎರಡು ನಂಬರ್. ಒಂದು ನಂಬರ್ ಅಂದರೆ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಅಂದರೆ ಎಂಟೂವರೆ ಮಿ.ಮೀ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಹೆಬ್ಬೆರಳಿಗೆ ಕೇಳಿ ನೋಡಿ.

ಇಲ್ಲಿ ಇನ್ನೊಂದು ಗೊಂದಲವಿದೆ. ಸ್ಪೋರ್ಟ್ಸ್ ಶೂ ಒಳಗೆಲ್ಲ ಸ್ಪಂಜು ತುಂಬಿರುತ್ತದೆ, ಹಾಗಾಗಿ ನಾವು ಅದನ್ನು ಅರ್ಧ ನಂಬರ್ ದೊಡ್ಡದೇ ಕೊಂಡಿರುತ್ತೇವೆ. ಕೌಬಾಯ್ ಬೂಟು ಅದಕ್ಕಿಂತ ಅರ್ಧ ನಂಬರ್ ಕಡಿಮೆ ಬರುವುದು ಸಾಮಾನ್ಯ. ಇಷ್ಟು ಲೆಕ್ಕ ಅಂಗಡಿಯಲ್ಲಿ ಮೊದಲ ಜೊತೆ ಯಾವುದನ್ನು ಕೇಳಬೇಕು ಅನ್ನುವುದಕ್ಕೆ ಸಾಕು. ಹಣ ಕೊಡುವುದಕ್ಕೆ ಸಾಲದು.

2. ಅಳತೆ ಮಣೆಯ ಮೇಲೆ ನಿಲ್ಲಿ

ಸಂಜೆ ಹೋಗಿ. ದಿನವಿಡೀ ನಡೆದಾಡಿದ ಪಾದ ಸ್ವಲ್ಪ ಊದಿರುತ್ತದೆ, ಬೂಟು ಕೂರಬೇಕಾಗಿರುವುದು ಆ ಪಾದಕ್ಕೆ. ಬೂಟಿನ ಜೊತೆ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಹೋಗಿ. ಮೀನಖಂಡದ ಅರ್ಧಕ್ಕಾದರೂ ಬರುವಂಥದ್ದು ಇರಲಿ. ಅಂಗಡಿಯವರು ಕೊಡುವ ತೆಳ್ಳನೆಯ ನೈಲಾನ್ ಚೀಲ ಬೇಡ.

ಒಳ್ಳೆಯ ಅಂಗಡಿಯಲ್ಲಿ ಜಾರುಪಟ್ಟಿಗಳಿರುವ ಒಂದು ಲೋಹದ ಮಣೆ ಇರುತ್ತದೆ. ಅದರ ಹೆಸರು ಬ್ರಾನಾಕ್ ಡಿವೈಸ್. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಚಾರ್ಲ್ಸ್ ಬ್ರಾನಾಕ್ ಅನ್ನುವವರು 1920ರ ದಶಕದಲ್ಲಿ ಮಾಡಿದ್ದು. ಇವತ್ತಿಗೂ ಅದೇ ನಡೆಯುತ್ತಿದೆ. ಎರಡೂ ಪಾದ ಅಳೆಸಿ, ನಿಂತುಕೊಂಡೇ ಅಳೆಸಿ. ಕೂತಾಗ ಪಾದ ಸುಳ್ಳು ಹೇಳುತ್ತದೆ.

ಮಣೆ ಮೂರು ಅಳತೆ ಕೊಡುತ್ತದೆ. ಹಿಮ್ಮಡಿಯಿಂದ ಬೆರಳ ತುದಿಗೆ ಒಂದು. ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿಗೆ ಇನ್ನೊಂದು. ಮೂರನೆಯದು ಅಗಲ. ಹೆಚ್ಚಿನ ಸೇಲ್ಸ್‌ನವರು ಮೊದಲನೆಯದನ್ನು ಮಾತ್ರ ನೋಡಿ ಎದ್ದು ಹೋಗುತ್ತಾರೆ. ಬಿಡಬೇಡಿ, ಎರಡನೆಯದನ್ನೂ ಕೇಳಿ. ಎರಡರಲ್ಲಿ ಯಾವುದು ದೊಡ್ಡದೋ ಅಲ್ಲಿಂದ ಶುರು ಮಾಡಿ.

ಅಗಲಕ್ಕೆ ಅಕ್ಷರಗಳಿವೆ. ಗಂಡಸರಿಗೆ ‘ಡಿ’ ಮಾಮೂಲಿ, ‘ಡಬಲ್ ಇ’ ಅಗಲ. ಹೆಂಗಸರಿಗೆ ‘ಬಿ’ ಮಾಮೂಲಿ, ‘ಸಿ’ ಅಗಲ. ಬಾಲ್ಯವೆಲ್ಲ ಬರಿಗಾಲಲ್ಲೋ ಚಪ್ಪಲಿಯಲ್ಲೋ ಕಳೆದ ನಮ್ಮಂಥವರ ಪಾದ ಮುಂದುಗಡೆ ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತದೆ. ನನ್ನ ಜೊತೆ ಬಂದ ಗಂಡಸರಲ್ಲಿ ಅರ್ಧಕ್ಕರ್ಧ ಜನ ‘ಡಬಲ್ ಇ’. ‘ಅಗಲದ್ದು ಸ್ಟಾಕ್ ಇಲ್ಲ, ಒಂದು ನಂಬರ್ ದೊಡ್ಡದು ಹಾಕಿ ನೋಡಿ’ ಅಂದರೆ ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ. ಉದ್ದ ಜಾಸ್ತಿ ಮಾಡಿ ಅಗಲ ಸರಿ ಮಾಡುವುದು, ಸೊಂಟ ಬಿಗಿಯಾದ ಪ್ಯಾಂಟಿಗೆ ಕಾಲು ಉದ್ದ ಬಿಟ್ಟಂತೆ.

3. ಮೂತಿ ಆರಿಸಿ

ಚೂಪು ಮೂತಿಯಲ್ಲಿ ಬೆರಳಿನಾಚೆ ಖಾಲಿ ಜಾಗ ಇರುತ್ತದೆ, ಬೆರಳು ತುದಿ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅಗಲ ಪಾದದವರು ಚೌಕ ಮೂತಿ ಅಥವಾ ದುಂಡು ಮೂತಿ ತೆಗೆದುಕೊಳ್ಳಿ. ಮೊದಲ ಜೊತೆಗೆ ‘ರೋಪರ್’ ಅನ್ನುವ ಗಿಡ್ಡ, ತಗ್ಗು ಹಿಮ್ಮಡಿಯ ಬೂಟೇ ವಾಸಿ. ಬಗ್ಗಿದ ಎತ್ತರದ ಹಿಮ್ಮಡಿ ಇರುವುದು ಕುದುರೆಯ ರಿಕಾಪಿನಲ್ಲಿ (ಸವಾರ ಕಾಲಿಡುವ ಬಳೆ) ಕಾಲು ಮುಂದಕ್ಕೆ ತೂರಿಹೋಗದಿರಲಿ ಅಂತ. ನಾವು ಹತ್ತುವುದು ಟೊಯೋಟಾ.

4. ಕಾಲು ಹಾಕಿ, ಆಮೇಲೆ ಅವಸರ ಬೇಡ

ಬಹುತೇಕ ಜನ ಎಡವುವುದು ಇಲ್ಲೇ. ಯಾಕೆ ಅಂತ ಮೊದಲು ತಿಳಿದುಕೊಳ್ಳಿ.

ಲೇಸ್ ಇರುವ ಶೂ ಸ್ವಲ್ಪ ಸಡಿಲವಾದರೂ ಬಿಗಿದು ಕಟ್ಟಿದರೆ ನಡೆಯುತ್ತದೆ. ಎಳೆದು ಹಾಕುವ ಬೂಟಿಗೆ ಲೇಸ್ ಇಲ್ಲ, ಬಕಲ್ ಇಲ್ಲ. ಕಾಲನ್ನು ಹಿಡಿದಿಡುವುದು ಒಂದೇ ಜಾಗ: ಪಾದದ ಮೇಲಿನ ಉಬ್ಬು, ಹೆಂಗಸರ ಚಪ್ಪಲಿಯ ಪಟ್ಟಿ ಅಡ್ಡ ಬರುವ ಕಡೆ. ಬೂಟಿನವರು ಇದಕ್ಕೆ ಇನ್‌ಸ್ಟೆಪ್ ಅನ್ನುತ್ತಾರೆ. ಅಲ್ಲಿ ಚರ್ಮ ಸರಿಯಾಗಿ ತಬ್ಬಿಕೊಂಡರೆ ಉಳಿದದ್ದೆಲ್ಲ ಹೊಂದಿಕೊಳ್ಳುತ್ತದೆ. ಅಲ್ಲಿ ಸಡಿಲವಾದರೆ ಕಾಲು ಮುಂದಕ್ಕೆ ಜಾರಿ ಬೆರಳು ನಜ್ಜುಗುಜ್ಜು, ಹಿಮ್ಮಡಿ ಮೇಲೆದ್ದು ಬೊಬ್ಬೆ. ಜನ ಮಾತ್ರ ಬೂಟಿನ ಮೂತಿ ಒತ್ತಿ ಬೆರಳು ಹುಡುಕುತ್ತಾರೆ. ಸ್ಕೂಲ್ ಶೂ ಕೊಡಿಸುವಾಗ ಅಪ್ಪ ಒತ್ತುತ್ತಿದ್ದರಲ್ಲ, ಆ ಅಭ್ಯಾಸ.

ಕೂತುಕೊಂಡು ಬೂಟಿನ ಎರಡೂ ಪಕ್ಕದ ಕಿವಿಗಳನ್ನು ಹಿಡಿಯಿರಿ. ಕಾಲು ಇಳಿಸುತ್ತಾ ಮೇಲಕ್ಕೆ ಎಳೆಯಿರಿ, ಕೊನೆಗೆ ಎದ್ದು ನಿಂತು ತುಳಿಯಿರಿ. ಬೂಟು ತಿರುಗುವ ಮೂಲೆಯಲ್ಲಿ ಹಿಮ್ಮಡಿ ಒಂದು ಕ್ಷಣ ತಡೆಯುತ್ತದೆ. ಆಮೇಲೆ ‘ಪಕ್’ ಅಂತ ಕೂರುತ್ತದೆ. ಆ ತಡೆ ಇರಲೇಬೇಕು. ತಡೆಯೇ ಇಲ್ಲದೆ ಚಪ್ಪಲಿಗೆ ಕಾಲಿಟ್ಟ ಹಾಗೆ ಸಲೀಸಾಗಿ ಹೋಯಿತಾ? ಬೂಟು ದೊಡ್ಡದು. ಮೂಲೆಯಲ್ಲೇ ಸಿಕ್ಕಿಕೊಂಡು ಮುಂದೆ ಹೋಗಲೇ ಇಲ್ವಾ? ನಿಮ್ಮ ಪಾದದ ಉಬ್ಬು ಎತ್ತರ. ಆಗ ಉದ್ದ ಹೆಚ್ಚಿಸಬೇಡಿ, ಅದೇ ನಂಬರಿನ ಅಗಲದ್ದು ಕೇಳಿ. ಅಗಲ ಹೆಚ್ಚಿದಾಗ ಉಬ್ಬಿನ ಸುತ್ತಳತೆಯೂ ಹೆಚ್ಚುತ್ತದೆ. ಇದು ಎಷ್ಟೋ ಸೇಲ್ಸ್ ಹುಡುಗರಿಗೂ ಗೊತ್ತಿರುವುದಿಲ್ಲ.

ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬೂಟಿಗೆ ತೂರಿಸುವ ಉಪಾಯ ಯಾರಾದರೂ ಹೇಳಿಕೊಟ್ಟಾರು. ಕಾಲು ಹೋಗುತ್ತದೆ, ನಿಜ. ಹೊರಗೆ ಬರುವಾಗ ನಮ್ಮ ಭಾವನನ್ನು ನೆನಪಿಸಿಕೊಳ್ಳಿ.

ಈಗ ನಿಂತುಕೊಳ್ಳಿ. ಪಾದದ ಉಬ್ಬಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಎದ್ದು ಕೈಗೆ ಬಂದರೆ ಸಡಿಲ. ಚಿವುಟಲು ಆಗದೆ ಬೆರಳು ಜಾರಿದರೆ ಸರಿ. ಐದು ನಿಮಿಷದಲ್ಲಿ ಜೋಮು ಹಿಡಿದರೆ ಬಿಗಿ.

ಆಮೇಲೆ ಹೆಬ್ಬೆರಳ ಬುಡದ ಗೆಣ್ಣು ಎಲ್ಲಿದೆ ನೋಡಿ. ಅಟ್ಟೆ ಅತಿ ಅಗಲವಾಗಿರುವ ಕಡೆ, ಬೂಟು ಬಾಗುವ ಕಡೆ, ಅದು ಕೂರಬೇಕು. ಗೆಣ್ಣು ಅದಕ್ಕಿಂತ ಮುಂದಿದ್ದರೆ ಬೂಟು ಗಿಡ್ಡ. ಬೆರಳು ಹಾಯಾಗಿ ಆಡುತ್ತಿದ್ದರೂ ಗಿಡ್ಡವೇ. ಚೂಪು ಮೂತಿಯ ಮೋಸ ಇದು, ಮುಂದೆ ಖಾಲಿ ಇರುವುದರಿಂದ ಉದ್ದ ಸಾಕು ಅನ್ನಿಸಿಬಿಡುತ್ತದೆ. ಕಿರುಬೆರಳ ಕಡೆಯೂ ಕೈಯಾಡಿಸಿ. ಅಲ್ಲಿ ಚರ್ಮ ಅಟ್ಟೆಯ ಅಂಚು ದಾಟಿ ಹೊರಕ್ಕೆ ಉಬ್ಬಿದ್ದರೆ ಅಗಲ ಸಾಲದು.

ಈಗ ನಡೆಯಿರಿ. ಕಾರ್ಪೆಟ್ ಮೇಲಲ್ಲ, ಅಂಗಡಿಯ ಗಟ್ಟಿ ನೆಲದ ಮೇಲೆ. ಹಿಮ್ಮಡಿ ಒಳಗೆ ಸ್ವಲ್ಪ ಮೇಲೇಳುತ್ತದೆ. ಗಾಬರಿ ಬೇಡ. ಹೊಸ ಬೂಟಿನ ಅಟ್ಟೆ ಹಲಗೆಯಂತೆ ಗಟ್ಟಿ. ಪಾದ ಬಾಗುತ್ತದೆ, ಅಟ್ಟೆ ಇನ್ನೂ ಬಾಗುವುದಿಲ್ಲ, ಹಾಗಾಗಿ ಹಿಮ್ಮಡಿ ಏಳಲೇಬೇಕು. ಕಾಲು ಇಂಚಿನಿಂದ ಅರ್ಧ ಇಂಚು ಎದ್ದರೆ ಸರಿ. ಅಟ್ಟೆ ಪಳಗಿದಂತೆ ಅದು ಕಡಿಮೆಯಾಗುತ್ತದೆ. ಇದನ್ನು ನೋಡಿ ಹೆದರಿ ಅರ್ಧ ನಂಬರ್ ಕಡಿಮೆ ಮಾಡಿಕೊಂಡವರನ್ನು ನಾನು ಐದಾರು ಜನರನ್ನಾದರೂ ಕಂಡಿದ್ದೇನೆ. ಹೊಸದರಲ್ಲೇ ಹಿಮ್ಮಡಿ ಅಂಟಿಕೊಂಡು ಕೂತ ಬೂಟು ನನಗೆ ಅನುಮಾನ. ಅರ್ಧ ಇಂಚು ದಾಟಿ ಎದ್ದು, ಉಬ್ಬಿನ ಮೇಲೂ ಮಡಿಕೆ ಸಿಕ್ಕಿದರೆ ಮಾತ್ರ ಚಿಕ್ಕದಕ್ಕೆ ಹೋಗಿ.

ಹದಿನೈದು ನಿಮಿಷ ಅದರಲ್ಲೇ ಓಡಾಡಿ. ಅಂಗಡಿಯವರು ಮುಖ ನೋಡಿದರೆ ನೋಡಲಿ. ಮೊದಲ ಜೊತೆಯನ್ನು ಆನ್‌ಲೈನಲ್ಲಿ ಕೊಳ್ಳಲೇಬೇಡಿ ಅನ್ನುವುದು ಇದಕ್ಕೇ. ಒಂದೇ ಕಂಪನಿಯ ಎರಡು ಮಾಡೆಲ್‌ಗಳೂ ಒಂದೇ ಥರ ಕೂರುವುದಿಲ್ಲ, ಒಳಗಿನ ಅಚ್ಚು ಬೇರೆ ಬೇರೆ.

5. ಚರ್ಮ ಯಾವುದು ಕೇಳಿ

‘ಹಾಕ್ತಾ ಹಾಕ್ತಾ ಹಿಗ್ಗುತ್ತೆ ಸರ್’ ಅನ್ನುವ ಮಾತು ಅರ್ಧ ನಿಜ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಪಕ್ಕದಲ್ಲಿ ಸ್ವಲ್ಪ ಬಿಗಿ ಇದ್ದರೆ ಕೊಳ್ಳಿ, ಬೆರಳು ಮುಟ್ಟಿದರೆ ಬಿಡಿ. ಮೇಕೆ ಚರ್ಮ, ಉಷ್ಟ್ರಪಕ್ಷಿಯ ಚರ್ಮ ಮೆತ್ತಗೆ, ಬೇಗ ಹೊಂದುತ್ತವೆ. ಹಸುವಿನದು ನಿಧಾನ. ಮೇಲ್ಭಾಗಕ್ಕೆ ‘ಮ್ಯಾನ್ ಮೇಡ್’ ಅಂತ ಬರೆದಿದ್ದರೆ ಅದು ಪ್ಲಾಸ್ಟಿಕ್. ಅದು ಹಿಗ್ಗುವುದಿಲ್ಲ, ಬೆವರುತ್ತದೆ, ಎರಡನೇ ವರ್ಷ ಹಪ್ಪಳದಂತೆ ಸಿಪ್ಪೆ ಏಳುತ್ತದೆ. ‘ಬಾಂಡೆಡ್ ಲೆದರ್’ ಅಂದರೆ ಚರ್ಮದ ಚೂರು ಪುಡಿ ಮಾಡಿ ಅಂಟು ಹಾಕಿ ಒತ್ತಿದ್ದು. ಹೆಸರಲ್ಲಿ ಲೆದರ್ ಇದೆ ಅಂತ ಮೋಸ ಹೋಗಬೇಡಿ.

6. ಮನೆಯಲ್ಲಿ ಪಳಗಿಸಿ

ಮೊದಲ ವಾರ ಮನೆಯೊಳಗೇ ದಿನಕ್ಕೊಂದು ಗಂಟೆ ಹಾಕಿ. ಅಟ್ಟೆ ಕೊಳೆಯಾಗದಿದ್ದರೆ ವಾಪಸ್ ಮಾಡಲೂ ದಾರಿ ಇರುತ್ತದೆ. (ಬೂಟು ಹಾಕಿಕೊಂಡು ಅಡುಗೆಮನೆಗೆ ಬಂದರೆ ನಿಮ್ಮ ತಾಯಿ ಏನಂತಾರೆ ಅನ್ನುವುದಕ್ಕೆ ನಾನು ಜವಾಬ್ದಾರನಲ್ಲ.)

ಬೂಟನ್ನು ನೀರಲ್ಲಿ ನೆನೆಸಿ, ಒಣಗುವ ತನಕ ಹಾಕಿಕೊಂಡು ತಿರುಗುವುದು ಹಳೇ ಕೌಬಾಯ್‌ಗಳ ಉಪಾಯ. ಇನ್ನೂರು ಡಾಲರ್ ಕೊಟ್ಟ ಬೂಟಿಗೆ ಬೇಡ. ನೀರಿನ ಚೀಲ ತುಂಬಿ ಫ್ರೀಜರಿನಲ್ಲಿ ಇಡುವುದು ಅದಕ್ಕಿಂತ ಕೆಟ್ಟದ್ದು. ಒಂದೇ ಕಡೆ ಒತ್ತುತ್ತಿದ್ದರೆ ಬೂಟು ರಿಪೇರಿಯವರ ಹತ್ತಿರ ಕೊಡಿ. ಮರದ ಅಚ್ಚು ಹಾಕಿ ಎರಡು ದಿನದಲ್ಲಿ ಅಲ್ಲಷ್ಟೇ ಹಿಗ್ಗಿಸಿ ಕೊಡುತ್ತಾರೆ. ಚೂರು ಸಡಿಲವಾದರೆ ತೆಳ್ಳನೆಯ ಒಳಅಟ್ಟೆ ಹಾಕಿಕೊಳ್ಳಿ. ಪಾದ ಮೇಲೆದ್ದು ಉಬ್ಬಿನ ಹತ್ತಿರ ಬಿಗಿಯಾಗುತ್ತದೆ. ಎರಡು ಜೊತೆ ಕಾಲ್ಚೀಲ ಹಾಕುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

7. ಬಿಚ್ಚುವ ವ್ಯವಸ್ಥೆ ಮಾಡಿಕೊಳ್ಳಿ

ಅಮೆರಿಕದವರು ಬೂಟು ಹಾಕಿಕೊಂಡೇ ಸೋಫಾದಲ್ಲಿ ಕೂರುತ್ತಾರೆ. ನಾವು ಎಲ್ಲರ ಮನೆ ಬಾಗಿಲಲ್ಲೂ ಬಿಚ್ಚಬೇಕು, ದೇವಸ್ಥಾನದಲ್ಲಂತೂ ಸರಿಯೇ ಸರಿ. ಹ್ಯೂಸ್ಟನ್ ಪಕ್ಕದ ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಹೊಸ ಬೂಟಿನಲ್ಲಿ ಹೋಗಿ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಒಂಟಿಕಾಲಲ್ಲಿ ಕುಣಿದವರನ್ನು ನೋಡಿದ್ದೇನೆ. ಬೂಟ್‌ಜ್ಯಾಕ್ ಅನ್ನುವ ಕವಲಿನ ಹಲಗೆ ಸಿಗುತ್ತದೆ. ಒಂದು ಕಾಲಲ್ಲಿ ಅದನ್ನು ತುಳಿದು, ಇನ್ನೊಂದರ ಹಿಮ್ಮಡಿ ಕವಲಿಗೆ ಸಿಕ್ಕಿಸಿ ಎಳೆದರೆ ಆಯಿತು. ಮರದ್ದೇ ಕೊಳ್ಳಿ, ಪ್ಲಾಸ್ಟಿಕ್ಕಿನದು ನನ್ನ ಕಾಲ ಕೆಳಗೇ ಮುರಿದಿದೆ. ಒಂದು ಬೂಟಿನಿಂದ ಇನ್ನೊಂದರ ಹಿಮ್ಮಡಿ ತುಳಿದು ಬಿಚ್ಚಿದರೆ ಹಿಂಭಾಗದ ಗಟ್ಟಿ ಚರ್ಮ ಕುಸಿಯುತ್ತದೆ. ಆಮೇಲೆ ಯಾವ ಅಳತೆಯೂ ಉಪಯೋಗಕ್ಕಿಲ್ಲ.

ಬೆಂಗಳೂರಿನಲ್ಲಿ ಚೆಲ್ಸಿ ಬೂಟು ಕೊಳ್ಳುವವರಿಗೆ ಒಂದು ಮಾತು. ಪಕ್ಕದಲ್ಲಿ ಎಲಾಸ್ಟಿಕ್ ಇರುವ ಆ ಬೂಟನ್ನು ವಿಕ್ಟೋರಿಯಾ ರಾಣಿಗೆ ಬೂಟು ಮಾಡುತ್ತಿದ್ದ ಸ್ಪಾರ್ಕ್ಸ್ ಹಾಲ್ 19ನೇ ಶತಮಾನದಲ್ಲಿ ಮಾಡಿದ್ದು. ಎಲಾಸ್ಟಿಕ್ ಇದೆಯಲ್ಲ, ಅದೇ ಹಿಡಿದುಕೊಳ್ಳುತ್ತೆ ಅಂದುಕೊಳ್ಳಬೇಡಿ. ಅದು ಹಿಡಿಯುವುದು ಕಣಕಾಲನ್ನು, ಪಾದವನ್ನಲ್ಲ. ಉಬ್ಬಿನ ಚಿವುಟು ಪರೀಕ್ಷೆ ಇಲ್ಲೂ ಮಾಡಿ. ನಿಂತಾಗ ಎಲಾಸ್ಟಿಕ್ ಆಚೀಚೆ ಎಳೆದುಕೊಂಡು ಅಗಲವಾಗಿ ಕಂಡರೆ ಬಿಗಿ, ಅಲೆಅಲೆಯಾಗಿ ಸುಕ್ಕಿದರೆ ಸಡಿಲ. ಪಕ್ಕದಲ್ಲಿ ಜಿಪ್ ಇರುವುದನ್ನು ಮಾತ್ರ ಕೊಳ್ಳಬೇಡಿ. ಬೂಟಿಗಿಂತ ಮುಂಚೆ ಜಿಪ್ ಹೋಗುತ್ತದೆ.

ಕೊನೆಯದಾಗಿ, ಚರ್ಮದ ಅಟ್ಟೆಯಿದ್ದರೆ ಹೊರಗೆ ಹೊರಡುವ ಮುಂಚೆ ಅದಕ್ಕೆ ಉಪ್ಪುಕಾಗದ ಹಿಡಿದು ನಾಲ್ಕು ಸಲ ಉಜ್ಜಿ. ಹೊಸ ಅಟ್ಟೆ ಟೈಲ್ಸ್ ಮೇಲೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಭಾವ ಆಮೇಲೆ ಅಳತೆ ಕೊಟ್ಟು ಕೊಂಡ ಎಂಟೂವರೆ ‘ಡಬಲ್ ಇ’ ಕಾಲಿಗೆ ಲಕ್ಷಣವಾಗಿ ಕೂತಿತ್ತು. ಉಜ್ಜುವುದನ್ನು ಹೇಳಲು ಮರೆತದ್ದು ನಾನು.