ವಿನೋ ಅಂದರೆ ಗೆಲ್ಲುವುದಲ್ಲ: ಅಪರೂಪದ ಇಂಗ್ಲಿಷ್ ಕ್ರಿಯಾಪದವನ್ನು ಹಿಡಿಯುವುದು ಹೇಗೆ?

ಪಿಯುಸಿ ಓದುವ ಮಗಳು ಮೊನ್ನೆ ಇಂಗ್ಲಿಷ್ ಪಾಠದಲ್ಲಿ 'ವಿನೋ' (winnow) ಅನ್ನುವ ಕ್ರಿಯಾಪದ ನೋಡಿ, ಒಳಗೆ 'ವಿನ್' ಇದೆಯಲ್ಲ, ಗೆಲ್ಲುವುದೇ ಇರಬೇಕು ಅಂದುಕೊಂಡು ಮುಂದೆ ಹೋಗಿದ್ದಳು. ವಾಕ್ಯದ ಅರ್ಥ ಹೊಂದಲೇ ಇಲ್ಲ. ಅದೇ ಹೊತ್ತಿಗೆ ನಮ್ಮ ಉಡುಪಿ ಮನೆಯ ಜಗಲಿಯಲ್ಲಿ ಅವಳ ಅಜ್ಜಿ ಗೆರಸೆ ಹಿಡಿದು ಹುರಿದ ನೆಲಗಡಲೆಯ ಸಿಪ್ಪೆ ಹಾರಿಸುತ್ತಿದ್ದರು. ಅರ್ಥ ಅಲ್ಲಿದೆ ನೋಡು, ಅಂದೆ.

ಇಂಥ ಪದ ಸಿಕ್ಕಾಗ ಮೊದಲು ಡಿಕ್ಷನರಿಯಲ್ಲಿ ಅದರ ಬೇರು ನೋಡಿ. ವಿನೋ ಬಂದಿದ್ದು ಹಳೆಯ ಇಂಗ್ಲಿಷಿನ 'ವಿಂಡ್ವಿಯನ್'ನಿಂದ. ಒಳಗಿರುವುದು ವಿಂಡ್, ಅಂದರೆ ಗಾಳಿ. ಕಾಳನ್ನು ಗಾಳಿಗೆ ಹಿಡಿದು ಹೊಟ್ಟು ಹಾರಿಸುವುದು, ಅಷ್ಟೇ. ಬೇರು ಹುಡುಕುತ್ತಾ ಹೋದರೆ ಬೇರೆ ಮಜವೂ ಸಿಗುತ್ತದೆ. ತಲೆಯ ಮೇಲೆ ತಿರುಗುವ ಫ್ಯಾನ್ ಇದೆಯಲ್ವಾ, ಆ ಪದ ಲ್ಯಾಟಿನ್ನಿನ 'ವನ್ನುಸ್'ನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಗೆರಸೆ! 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯಲ್ಲಿ ಬರುವ ಫ್ಯಾನ್ ಕೂಡ ಕಾಳು ತೂರುವ ಸಾಧನವೇ.

ಆಮೇಲೆ ನಮ್ಮ ಪದ ಹುಡುಕಿ. ಕನ್ನಡದಲ್ಲಿ ಇದಕ್ಕೆ ಎರಡಿವೆ. ಎತ್ತರದಿಂದ ಸುರಿದು ಗಾಳಿಗೆ ಬಿಟ್ಟರೆ ತೂರುವುದು, ಗೆರಸೆಯಲ್ಲಿ ಹಾರಿಸಿ ಹಾರಿಸಿ ಹಸನು ಮಾಡಿದರೆ ಕೇರುವುದು. ತುಳುವಿನಲ್ಲಾದರೆ ಗೆರಸೆಗೆ ತಡ್ಪೆ. ಇಂಗ್ಲಿಷಿಗೆ ಎರಡೂ ಕೆಲಸಕ್ಕೆ ವಿನೋ ಒಂದೇ ಸಾಕು.

ಸಾಧ್ಯವಾದರೆ ಕೈಯಲ್ಲೇ ಮಾಡಿ ನೋಡಿ. ಒಂದು ಹಿಡಿ ನೆಲಗಡಲೆ ಹುರಿದು, ಆರಿದ ಮೇಲೆ ಚೆನ್ನಾಗಿ ಉಜ್ಜಿ, ಗೆರಸೆಗೆ ಹಾಕಿ ಹಾರಿಸಿ. ಕೆಂಪು ಸಿಪ್ಪೆ ಮುಂದಿನ ಅಂಚಿಗೆ ಬಂದು ಹಾರಿಹೋಗುತ್ತದೆ, ಭಾರದ ಬೀಜ ಹಿಂದೆ ಉಳಿಯುತ್ತದೆ. ಇನ್ನು 'ಸಿಫ್ಟ್' ಜೊತೆ ಗಲಿಬಿಲಿ ಆಗುವುದಿಲ್ಲ. ಸಿಫ್ಟ್ ಅಂದರೆ ಜರಡಿಯ ಕೆಲಸ, ಅಲ್ಲಿ ಲೆಕ್ಕ ಗಾತ್ರದ್ದು. ವಿನೋ ಅಂದರೆ ಲೆಕ್ಕ ತೂಕದ್ದು.

ಈಗ ಬಳಕೆ. ಇಂದಿನ ಇಂಗ್ಲಿಷಿನಲ್ಲಿ ಕಾಳಿನ ಜೊತೆ ಪಟ್ಟಿಗಳನ್ನೂ ತೂರುತ್ತಾರೆ. ನೂರು ಅರ್ಜಿ ಬಂದು, ಆಗದ್ದನ್ನೆಲ್ಲ ಬಿಡುತ್ತಾ ಬಿಡುತ್ತಾ ಹತ್ತಕ್ಕೆ ಇಳಿಸಿದರೆ 'ದೇ ವಿನೋಡ್ ದಿ ಲಿಸ್ಟ್ ಡೌನ್ ಟು ಟೆನ್'. ಡೌನ್ ಬಂದರೆ ಗಮನ ಉಳಿದ ಕಾಳಿನ ಮೇಲೆ. ಔಟ್ ಬಂದರೆ, 'ವಿನೋ ಔಟ್ ದಿ ವೀಕ್ ಒನ್ಸ್' ಅಂದ ಹಾಗೆ, ಹಾರಿಹೋಗುವ ಹೊಟ್ಟಿನ ಮೇಲೆ. ಬರವಣಿಗೆಯಲ್ಲಿ ಚೆಂದ. ತರಕಾರಿ ಅಂಗಡಿಯಲ್ಲಿ ನಿಂತು ಹೇಳಿದರೆ ಸುಮ್ನೆ ಜಂಬ.

ಒಂದು ಕಡೆ ಮಾತ್ರ ಎಡವಬೇಡಿ. 'ಗಾಳಿ ಬಂದಾಗ ತೂರಿಕೋ' ಅನ್ನುವ ಗಾದೆಯನ್ನು ಮಗಳು ವಿನೋ ಹಾಕಿ ಹಾಗೇ ಇಂಗ್ಲಿಷಿಗೆ ಇಳಿಸಿದಳು. ವ್ಯಾಕರಣ ಸರಿಯೇ ಇತ್ತು. ಆದರೆ ಇಂಗ್ಲಿಷಿನವರು ಅಲ್ಲಿ ಗಾಳಿಯ ಮಾತೇ ಎತ್ತುವುದಿಲ್ಲ, ಬಿಸಿಲಿದ್ದಾಗ ಹುಲ್ಲು ಒಣಗಿಸಿಕೋ ಅನ್ನುತ್ತಾರೆ.

"ಮಳೆ ಜಾಸ್ತಿ ಇರುವ ಊರು ಅಂತ ಕಾಣುತ್ತದೆ, ನಮ್ಮ ಹಾಗೆ" ಅಂದರು ಅಜ್ಜಿ, ಗೆರಸೆ ಕೊಡವುತ್ತಾ.