ನಾಲೆ ಏರಿಗೊಂದು ಸೈಕಲ್: ಕಡಿಮೆ ದುಡ್ಡಲ್ಲಿ ಗ್ರ್ಯಾವೆಲ್ ಬೈಕ್ ಕಟ್ಟಿದ ನನ್ನ ಅನುಭವ

ಮಂಡ್ಯ ಸುತ್ತಮುತ್ತ ಸೈಕಲ್ ತುಳಿಯುವವರಿಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಗೊತ್ತೇ ಇರುತ್ತದೆ. ಕೆ.ಆರ್.ಎಸ್.ನಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ ಗದ್ದೆ ಬಯಲಿಗೆ ಬರುತ್ತದೆ. ಪಕ್ಕದಲ್ಲೇ ಏರಿ ರಸ್ತೆ. ಅಲ್ಲಲ್ಲಿ ಡಾಂಬರು, ಉಳಿದ ಕಡೆ ಗೊರಚು ಮಣ್ಣು, ಜಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಬಿದ್ದ ಗುಂಡಿ. ಬೆಳಗ್ಗೆ ಆರು ಗಂಟೆಗೆ ಅಲ್ಲಿ ಹೋದರೆ ಲಾರಿ ಇಲ್ಲ, ಹಾರನ್ ಇಲ್ಲ, ಪಕ್ಕದಲ್ಲಿ ನೀರು ಹರಿಯುತ್ತಿರುತ್ತದೆ. ನನಗೆ ಆ ದಾರಿ ಅಂದರೆ ಪ್ರಾಣ.

ಆದರೆ ಅದಕ್ಕೆ ಸರಿಯಾದ ಸೈಕಲ್ ನನ್ನ ಹತ್ತಿರ ಇರಲಿಲ್ಲ. ಸ್ನೇಹಿತನ ರೋಡ್ ಬೈಕ್ ತೆಗೆದುಕೊಂಡು ಹೋದರೆ ಸಣ್ಣ ಟೈರು ಜಲ್ಲಿಯಲ್ಲಿ ಪಂಕ್ಚರ್. ದಪ್ಪ ಟೈರಿನ ಎಂ.ಟಿ.ಬಿ.ಯಲ್ಲಿ (ಮೌಂಟೇನ್ ಬೈಕ್) ಹೋದರೆ ಡಾಂಬರಿನಲ್ಲಿ ಎಳೆದಷ್ಟೂ ಮುಗಿಯದು. ಇವೆರಡರ ನಡುವಿನದೇ ಗ್ರ್ಯಾವೆಲ್ ಬೈಕ್. ಬಗ್ಗಿದ ಹ್ಯಾಂಡಲ್, ದಪ್ಪ ಟೈರು, ಹತ್ತೋದಕ್ಕೆ ಹಗುರ ಗೇರು. ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾ ಊರಲ್ಲಿ 2006ರಿಂದ ಜಲ್ಲಿ ರಸ್ತೆಯಲ್ಲಿ 200 ಮೈಲಿ ರೇಸ್ ನಡೆಸುತ್ತಾ ಬಂದಿದ್ದಾರೆ. ಈ ಥರದ ಸೈಕಲ್‌ಗೆ ಹೆಸರು ಬಂದಿದ್ದು ಅಂಥ ರೇಸ್‌ಗಳಿಂದಲೇ. ಹೊಸದರ ಬೆಲೆ ಕೇಳಿದೆ. ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹಾಗಾಗಿ ನಾನೇ ಕಟ್ಟೋಣ ಅಂತ ಹೊರಟೆ. ಮಿತಿ 15,000 ರೂಪಾಯಿ.

ಹುಡುಕಿದ್ದು ನೇರ ಹ್ಯಾಂಡಲ್ ಇರುವ ಹಳೇ ಹೈಬ್ರಿಡ್ ಸೈಕಲ್. ರೋಡ್ ಬೈಕ್ ಅಳತೆಯ 700ಸಿ ಚಕ್ರ ಇರಬೇಕು, ಮುಂದಿನ ಫೋರ್ಕ್‌ನಲ್ಲಿ ಸಸ್ಪೆನ್ಷನ್ ಇರಬಾರದು. ಅಗ್ಗದ ಸಸ್ಪೆನ್ಷನ್ ಫೋರ್ಕ್ ಎರಡು ಕೆ.ಜಿ.ಗೂ ಜಾಸ್ತಿ ತೂಗುತ್ತದೆ, ಕೆಲಸಕ್ಕೆ ಬರೋದು ಕಡಿಮೆ. ಮೈಸೂರಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ 4,500ಕ್ಕೆ ಕೊಟ್ಟ. ಅಲ್ಯೂಮಿನಿಯಂ ಫ್ರೇಮ್, ವಿ-ಬ್ರೇಕ್ (ಎರಡು ಕೈ ರಿಮ್ಮನ್ನು ಪಕ್ಕದಿಂದ ಒತ್ತುವ ಬ್ರೇಕ್), ಮುಂದೆ 3, ಹಿಂದೆ 7 ಗೇರು. ನನ್ನ ಎತ್ತರಕ್ಕೆ ಬೇಕಾದದ್ದಕ್ಕಿಂತ ಒಂದು ಸೈಜ್ ಚಿಕ್ಕದು. ಅದು ಬೇಕಂತಲೇ ನೋಡಿ ತಗೊಂಡಿದ್ದು. ಹೈಬ್ರಿಡ್ ಫ್ರೇಮ್‌ನ ಮೇಲಿನ ಪೈಪು ಉದ್ದ ಇರುತ್ತದೆ. ಬಗ್ಗಿದ ಹ್ಯಾಂಡಲ್ ಹಾಕಿದರೆ ಕೈ ಇನ್ನೂ ಎಂಟು ಹತ್ತು ಸೆಂಟಿಮೀಟರ್ ಮುಂದೆ ಹೋಗುತ್ತದೆ. ಸರಿಯಾದ ಸೈಜಿನದೇ ತಗೊಂಡರೆ ಬೆನ್ನು ನೋವು ಖಂಡಿತ.

ಹಣ ಕೊಡುವ ಮೊದಲು ನಮ್ಮ ಬೀದಿಯ ಸೈಕಲ್ ಅಂಗಡಿ ಯಜಮಾನರು ಹೇಳಿಕೊಟ್ಟಿದ್ದ ನೂಲಿನ ಪರೀಕ್ಷೆ ಮಾಡಿದೆ. ಹಿಂದಿನ ಚಕ್ರ ಕೂರುವ ಜಾಗಕ್ಕೆ ಒಂದು ಕಡೆ ನೂಲು ಕಟ್ಟಬೇಕು. ಅದನ್ನು ಮುಂದಕ್ಕೆ ಎಳೆದು, ಹ್ಯಾಂಡಲ್ ಕೆಳಗಿನ ಪೈಪನ್ನು ಬಳಸಿ, ಇನ್ನೊಂದು ಕಡೆಯಿಂದ ವಾಪಸ್ ತಂದು ಬಿಗಿಯಾಗಿ ಕಟ್ಟಬೇಕು. ಆಮೇಲೆ ಸೀಟಿನ ಪೈಪಿಗೂ ನೂಲಿಗೂ ಎರಡೂ ಕಡೆ ಎಷ್ಟು ಅಂತರ ಇದೆ ಅಂತ ಸ್ಕೇಲ್ ಇಟ್ಟು ನೋಡಬೇಕು. ನನ್ನದರಲ್ಲಿ ಒಂದು ಕಡೆ 31 ಮಿ.ಮೀ., ಇನ್ನೊಂದು ಕಡೆ 32. ಫ್ರೇಮ್ ನೇರ ಇದೆ ಅಂತ ಅರ್ಥ. ನಾಲ್ಕೈದು ಮಿ.ಮೀ. ವ್ಯತ್ಯಾಸ ಬಂದಿದ್ದರೆ ಬಿಟ್ಟು ಬರುತ್ತಿದ್ದೆ. ಹಾಗೇ ಮುಂದಿನ ಪೈಪುಗಳು ಸೇರುವ ಬೆಸುಗೆ ಹಿಂದೆ ಪೇಂಟ್ ಉಬ್ಬಿದೆಯಾ, ಸೀಳಿದೆಯಾ ಅಂತ ಬೆರಳಾಡಿಸಿ ನೋಡಿದೆ. ಎದುರಿಗೆ ಗುದ್ದಿದ ಸೈಕಲ್ ಅಲ್ಲೇ ಸಿಕ್ಕಿಬೀಳುತ್ತದೆ.

ಮನೆಗೆ ತಂದು ಪೂರ್ತಿ ಬಿಚ್ಚಿದೆ. ಚಕ್ರದ ನಡುವಿನ ಹಬ್‌ನ ಬಾಲ್ಸ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಗ್ರೀಸ್ ಅನ್ನೋದು ಕಪ್ಪು ಅಂಟಾಗಿ ಹೋಗಿತ್ತು. ಬಾಲ್ಸ್ ಉರುಳುವ ಹಿಂದಿನ ಕೋನ್ ಒಂದನ್ನು ಬಿಸಿಲಿಗೆ ಹಿಡಿದಾಗ ಸಾಸಿವೆ ಕಾಳಿನಷ್ಟು ಗುಳಿ ಕಾಣಿಸಿತು. ಅದನ್ನೂ ಬಾಲ್ಸ್‌ಗಳನ್ನೂ ಬದಲಾಯಿಸಿ ಹೊಸ ಗ್ರೀಸ್ ಹಾಕಿದೆ. ಇಷ್ಟಕ್ಕೆ 200 ರೂಪಾಯಿ. ಚಕ್ರ ಎತ್ತಿ ಹಿಡಿದು ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇತ್ತು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಜಾಸ್ತಿ ಲಾಭ ಕೊಟ್ಟಿದ್ದು ಇದೇ. ಪೆಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಬಿ.ಬಿ. (ಬಾಟಮ್ ಬ್ರಾಕೆಟ್) ಮಾತ್ರ ಪೂರ್ತಿ ಹೋಗಿತ್ತು, 600 ಕೊಟ್ಟು ಹೊಸದು ಹಾಕಿದೆ.

ಟೈರಿಗೆ ದುಡ್ಡು ಉಳಿಸಲಿಲ್ಲ. ನನ್ನ ಫ್ರೇಮ್‌ನ ಹಿಂದಿನ ಪೈಪುಗಳ ನಡುವೆ ಟೈರ್ ಬರುವ ಕಡೆ 50 ಮಿ.ಮೀ. ಜಾಗ ಇತ್ತು. 38 ಮಿ.ಮೀ. ಟೈರ್ ಹಾಕಿ, ಎರಡೂ ಪಕ್ಕ 6 ಮಿ.ಮೀ. ಅಲೆನ್ ಕೀ ತೂರಿಸಿ ನೋಡಿದೆ. ಸರಿಯಾಗಿ ಹೋಯಿತು. ಅದಕ್ಕಿಂತ ಕಡಿಮೆ ಜಾಗ ಬಿಟ್ಟರೆ ಸಣ್ಣ ಕಲ್ಲು ಸಿಕ್ಕಿಕೊಂಡು ಫ್ರೇಮನ್ನೇ ಕೆರೆಯುತ್ತದೆ. ಎರಡು ಟೈರು, ಎರಡು ಟ್ಯೂಬು ಸೇರಿ 2,700.

ತಪ್ಪಿದ್ದು ಬ್ರೇಕ್ ವಿಷಯದಲ್ಲಿ. ಬಗ್ಗಿದ ಹ್ಯಾಂಡಲ್‌ಗೆ ಮಾಮೂಲಿ ರೋಡ್ ಬೈಕ್ ಲಿವರ್ 850ಕ್ಕೆ ಸಿಕ್ಕಿತು, ಹಾಕಿಬಿಟ್ಟೆ. ವಿ-ಬ್ರೇಕ್‌ನ ಕೈ ಉದ್ದ. ಅದಕ್ಕೆ ವಯರ್ ಜಾಸ್ತಿ ಎಳೆಯಬೇಕು. ರೋಡ್ ಲಿವರ್ ಎಳೆಯುವುದು ಕಡಿಮೆ. ಬ್ರೇಕ್ ಹಿಡಿಯಬೇಕಾದರೆ ರಬ್ಬರನ್ನು ರಿಮ್‌ಗೆ ಅಂಟಿಕೊಂಡಷ್ಟು ಹತ್ತಿರ ಇಡಬೇಕಾಯಿತು. ಎರಡನೇ ವಾರ ಪಾಂಡವಪುರದ ಕಡೆ ಏರಿ ಮೇಲೆ ಹಿಂದಿನ ಚಕ್ರದ ಕಡ್ಡಿ ಒಂದು ಮುರಿಯಿತು. ಚಕ್ರ ಸ್ವಲ್ಪ ಬೆಂಡ್ ಆಯಿತು ಅಷ್ಟೇ, ರಬ್ಬರ್ ಉಜ್ಜಿ ಚಕ್ರ ತಿರುಗಲೇ ಇಲ್ಲ. ಬ್ರೇಕ್ ಬಿಚ್ಚಿ, ಮುಂದಿನದೊಂದನ್ನೇ ನಂಬಿ ನಿಧಾನವಾಗಿ ಬಂದೆ. ಇಳಿಜಾರಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂದಾಗ ಲಿವರ್ ಹ್ಯಾಂಡಲ್‌ವರೆಗೂ ಬಂದರೂ ಸೈಕಲ್ ಪೂರ್ತಿ ನಿಲ್ಲಲಿಲ್ಲ. ಪಕ್ಕದ ಹುಲ್ಲಿಗೆ ಇಳಿಸಿ ಕಾಲೂರಿದೆ. ಆವತ್ತು ನಿಜವಾಗಿಯೂ ಹೆದರಿದೆ.

ಮಾರನೇ ದಿನ ಚಕ್ರ ತಗೊಂಡು ಯಜಮಾನರ ಹತ್ತಿರ ಹೋದೆ. ಅವರು ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಬೆರಳಲ್ಲಿ ಅಮುಕುತ್ತಾ ಬಂದರು.

"ಎಲ್ಲಾ ಕಡ್ಡಿ ಒಂದೇ ಸಮ ಬಿಗಿ ಇರ್ಬೇಕು ಕನಪ್ಪ. ಒಂದು ಸಡ್ಲಾದ್ರೆ ಪಕ್ಕದ್ದು ಮುರೀತದೆ."

"ನಾನು ಬರೀ ಬೆಂಡ್ ನೋಡಿದ್ದೆ ಯಜಮಾನ್ರೆ, ಬಿಗಿ ನೋಡ್ಲಿಲ್ಲ."

"ಇನ್ಮೇಲೆ ನೋಡು. ಆಕ್ಸೆಲ್ಲೂ ಬಗ್ಗದೆ, ಇಲ್ನೋಡು."

ನಿಜವೇ. ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ತಿರುಗಿಸಿ ಹಾಕುವ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ತುಂಬಾ ಒಳಗಿರುತ್ತದೆ. ಹೊರಗೆ ಉಳಿದ ಆಕ್ಸೆಲ್‌ಗೆ ಆಸರೆ ಇಲ್ಲ, ಗುಂಡಿಗೆ ಬಿದ್ದಾಗ ಬಗ್ಗುತ್ತದೆ. ಆಕ್ಸೆಲ್‌ಗೆ 150, ಅವರ ಎಲ್ಲಾ ಕೆಲಸಕ್ಕೆ ಸೇರಿ 600 ಕೊಟ್ಟೆ. ಮೂವತ್ತಾರೂ ಕಡ್ಡಿ ಬಿಗಿ ಮಾಡಿ ಕೊಟ್ಟ ಆ ಚಕ್ರ ಆಮೇಲೆ ಒಂದು ಕಡ್ಡಿಯನ್ನೂ ಮುರಿದುಕೊಂಡಿಲ್ಲ. ನಾನೂ ಗಾಳಿ ಇಳಿಸಿದೆ. ನನ್ನ ತೂಕ 70 ಕೆ.ಜಿ. ಹಿಂದೆ 45, ಮುಂದೆ 40 ಪಿ.ಎಸ್.ಐ. ಇಟ್ಟರೆ ಜಲ್ಲಿಯಲ್ಲಿ ಕೈ ಜೋಮು ಹಿಡಿಯುವುದಿಲ್ಲ.

ಬ್ರೇಕ್‌ಗೆ ಕೊನೆಗೆ ಟೆಕ್ಟ್ರೊ ಆರ್.ಎಲ್. 520 ಲಿವರ್ ತರಿಸಿದೆ. ಬಗ್ಗಿದ ಹ್ಯಾಂಡಲ್ ಮೇಲೆ ವಿ-ಬ್ರೇಕ್ ಎಳೆಯೋದಕ್ಕೆ ಅಂತಲೇ ಮಾಡಿದ್ದು. 2,600 ರೂಪಾಯಿ. ಹೊಸ ಭಾಗಗಳಲ್ಲಿ ಒಂದಕ್ಕೇ ಇಷ್ಟು ಕೊಟ್ಟಿದ್ದು ಇದಕ್ಕೇ. ಇನ್ನೊಮ್ಮೆ ಕಟ್ಟಿದರೆ ಮೊದಲು ಇದನ್ನೇ ಕೊಳ್ಳುತ್ತೇನೆ.

ಗೇರಿನ ಶಿಫ್ಟರ್ ಹೊಸದು ಕೊಳ್ಳಲಿಲ್ಲ. ಬ್ರೇಕೂ ಗೇರೂ ಒಟ್ಟಿಗೆ ಇರುವ ಲಿವರ್ ನನ್ನ ಬಜೆಟ್‌ಗೆ ನಿಲುಕದು. ಸೈಕಲ್ ಜೊತೆ ಬಂದ ಹೆಬ್ಬೆರಳಿನ ಶಿಫ್ಟರ್‌ಗಳೇ ಚೆನ್ನಾಗಿದ್ದವು. ತೊಂದರೆ ಅಂದರೆ ಅವುಗಳ ಹಿಡಿ 22.2 ಮಿ.ಮೀ. ಪೈಪಿಗೆ, ಬಗ್ಗಿದ ಹ್ಯಾಂಡಲ್ 23.8. ಕೂರುವುದಿಲ್ಲ. ಅದಕ್ಕೆ ಲೈಟ್ ಸಿಕ್ಕಿಸುವ ಎಕ್ಸ್‌ಟೆಂಡರ್ ಒಂದನ್ನು ಸ್ಟೆಮ್ (ಹ್ಯಾಂಡಲನ್ನು ಫೋರ್ಕ್‌ಗೆ ಜೋಡಿಸುವ ತುಂಡು) ಪಕ್ಕ ಬಿಗಿದೆ. ಅದರ ಅಡ್ಡ ಪೈಪು ಸರಿಯಾಗಿ 22.2. ಎರಡು ತುದಿಗೆ ಎರಡು ಶಿಫ್ಟರ್. ಗೇರ್ ಹಾಕಲು ಕೈ ಒಳಗೆ ತರಬೇಕು, ಎರಡು ದಿನದಲ್ಲಿ ರೂಢಿಯಾಯಿತು.

ಹಿಂದಿನ ಫ್ರೀವೀಲ್ 14-28 ಇತ್ತು, ಅಂದರೆ ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 28. ತೆಗೆದು 14-34 ಹಾಕಿದೆ, ಚೈನೂ ಹೊಸದು. ಮುಂದೆ 24 ಹಲ್ಲಿನ ಚಿಕ್ಕ ಚಕ್ರದಲ್ಲಿ ಮೊದಲು ಪೆಡಲ್‌ನ ಒಂದು ಸುತ್ತಿಗೆ ಸುಮಾರು 1.87 ಮೀಟರ್ ಹೋಗುತ್ತಿತ್ತು, ಈಗ 1.54. ಲೆಕ್ಕದಲ್ಲಿ ಸಣ್ಣದು, ಏರು ಹತ್ತುವ ಮಂಡಿಗೆ ದೊಡ್ಡದು. ಹ್ಯಾಂಡಲ್, 60 ಮಿ.ಮೀ. ಗಿಡ್ಡ ಸ್ಟೆಮ್, ಟೇಪು ಸೇರಿ 1,900 ಆಯಿತು. ಮೊದಲ ಸ್ಟೆಮ್ 100 ಇತ್ತು. ಗಿಡ್ಡದು ಹಾಕಿದ ಮೇಲೆಯೇ ಮೂರು ಗಂಟೆ ಕೂರಲು ಸಾಧ್ಯವಾಗಿದ್ದು. ವಯರು, ಬ್ರೇಕ್ ರಬ್ಬರ್, ಎಕ್ಸ್‌ಟೆಂಡರ್ ಇತ್ಯಾದಿ ಎಲ್ಲಾ ಕೂಡಿಸಿದಾಗ ಒಟ್ಟು 16,600. ಮಿತಿ ಮೀರಿದ 1,600ರಲ್ಲಿ 850 ಆ ಮೊದಲ ಲಿವರ್‌ನದು.

ಕಳೆದ ತಿಂಗಳು ತೊಣ್ಣೂರು ಕೆರೆ ಮೇಲೆ ಹಾದು ಮೇಲುಕೋಟೆಗೆ ಹೋದೆ. ಬೆಟ್ಟದ ಏರು ಇಳಿಯದೆ ಹತ್ತಿದೆ. ವಾಪಸ್ ಇಳಿಯುವಾಗ ತಿರುವುಗಳಲ್ಲಿ ಎರಡೇ ಬೆರಳಲ್ಲಿ ಬ್ರೇಕ್ ಹಿಡಿದೆ, ಹೇಳಿದ ಕಡೆ ನಿಂತಿತು. ಹಿಂದಿನ ರಿಮ್ ಮಾತ್ರ ಮರಳು ಉಜ್ಜಿ ಸವೆಯುತ್ತಿದೆ, ಉಗುರು ಎಳೆದರೆ ಗುಳಿ ಸಿಗುತ್ತದೆ. ಅದು ಮುಗಿಯುವ ಹೊತ್ತಿಗೆ ಬಲಗಡೆಯ ಬೇರಿಂಗ್ ಹೊರತುದಿಯ ಹತ್ತಿರ ಇರುವ ಕ್ಯಾಸೆಟ್ ಹಬ್‌ನ ಚಕ್ರ ಹೆಣೆಸಬೇಕು, ಆಗ ಆಕ್ಸೆಲ್ ಬಗ್ಗುವ ತೊಂದರೆಯೂ ತಪ್ಪುತ್ತದೆ. ಯಜಮಾನರು ಹೆಣೆದು ಕೊಡುತ್ತೇನೆ ಅಂದಿದ್ದಾರೆ. ಹಬ್‌ಗೆ ಅಂತ ಡಬ್ಬಿಯಲ್ಲಿ 900 ರೂಪಾಯಿ ಸೇರಿದೆ.